ಕಿವಿಗಾರನ ಹೆಂಡತಿ

ವರ್ಷಕ್ಕೊಮ್ಮೆ, ಸುಣ್ಣದ ಭಟ್ಟಿಗಳಿಗೆ ಮೊದಲ ಬೆಂಕಿ ಇಡುವ ದಿನ, ನಮ್ಮೂರಿನವರು ನನ್ನ ಬಲಗಿವಿಗೆ ಗಂಧ ಹಚ್ಚುತ್ತಿದ್ದರು. ಬಾಳಪ್ಪ ಮೇಸ್ತ್ರಿ ತನ್ನ ದಪ್ಪ ಬೆರಳಿನಿಂದ ಹಚ್ಚುವಾಗ ಒಂದಿಷ್ಟು ಗಂಧ ಕಿವಿಯೊಳಗೂ ಹೋಗಿ, ಮುಂದಿನ ಎರಡು ದಿನ ಎದುರಿನವರು ಮಾತಾಡಿದ್ದೂ ನನಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ನಾನು ಊರಿನ ಕಿವಿಗಾರ. ನನ್ನಪ್ಪ ಕಿವಿಗಾರ, ಅವನಪ್ಪನೂ ಕಿವಿಗಾರ. ಈ ಮೂರು ತಲೆಮಾರಿನಲ್ಲಿ ಒಬ್ಬನಿಗೂ ಒಂದು ಸಲವೂ ಗುಡ್ಡದ ಸದ್ದು ಕೇಳಿರಲಿಲ್ಲ.

ನಮ್ಮೂರು ಬದುಕಿರುವುದೇ ಸುಣ್ಣದ ಗುಡ್ಡದಿಂದ. ಬೆಳಗಾದರೆ ನಲವತ್ತೊಂದು ಗಂಡಸರು ಕಣಿಗೆ ಹೋಗಿ, ನಾಲ್ಕಾಳೆತ್ತರದ ಬಿಳಿ ಗೋಡೆಯ ಬುಡದಲ್ಲಿ ನಿಂತು ಅಗೆಯುತ್ತಾರೆ. ಗುಡ್ಡ ಆಗಾಗ ಜಾರುತ್ತದೆ. ಜಾರುವ ಮೊದಲು ಸದ್ದು ಮಾಡುತ್ತದೆ. ಆ ಸದ್ದು ಹೆಂಗಸರಿಗೆ ಕೇಳುತ್ತದೆ, ಗಂಡಸರಿಗೆ ಕೇಳುವುದಿಲ್ಲ. ಯಾಕೆಂದು ಯಾರೂ ವಿಚಾರಿಸಿದ್ದಿಲ್ಲ. ಹೆಂಗಸರಿಗೆ ಗಡ್ಡ ಯಾಕಿಲ್ಲ ಎಂದು ಯಾರಾದರೂ ವಿಚಾರಿಸುತ್ತಾರೆಯೇ? ಆದರೆ ಕಣಿಯಲ್ಲಿ ಹೆಣ್ಣಿನ ಕಾಲು ಬಿದ್ದರೆ ಗುಡ್ಡ ಮುನಿಯುತ್ತದೆ ಎಂಬ ಮಾತೂ ಅಷ್ಟೇ ಹಳೆಯದು. ಅದಕ್ಕೆಂದು ಕಣಿಯ ದಾರಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದಿದ್ದರು. ಹೆಂಗಸರು ರೊಟ್ಟಿಗಂಟನ್ನು ಗೆರೆಯ ಈಚೆ ಇಟ್ಟು ಹಿಂದಿರುಗಬೇಕು. ಹೀಗಾಗಿ ಸದ್ದು ಕೇಳುವವರು ಗೆರೆಯ ಈಚೆ, ಮಣ್ಣಲ್ಲಿ ಹೂತುಹೋಗುವವರು ಗೆರೆಯ ಆಚೆ. ನಡುವೆ ನಾನು, ಒಂದು ಜಾಗಟೆ ಇಟ್ಟುಕೊಂಡು.

ಗೋಡೆಗೆ ತಾಗಿಕೊಂಡು ಮೊಣಕಾಲೆತ್ತರದ ಒಂದು ಕಲ್ಲಿದೆ. ಅದಕ್ಕೆ ಕಿವಿಗಲ್ಲು ಎನ್ನುತ್ತೇವೆ. ಬೆಳಗ್ಗೆ ಎಲ್ಲರೂ ಗುದ್ದಲಿ ಹಿಡಿದು ಕಾಯುತ್ತಿರುವಾಗ ನಾನು ಮಂಡಿಯೂರಿ ಅದಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಎದ್ದು "ಶಾಂತ ಐತಿ" ಎನ್ನಬೇಕು. ಆಮೇಲೆ ಕಣಿಯ ಬಾಯಲ್ಲಿರುವ ಚಪ್ಪರದಲ್ಲಿ ಜಾಗಟೆಯ ಪಕ್ಕ ದಿನವಿಡೀ ಕೂರಬೇಕು. ಅಲ್ಲಿಂದ ನಮ್ಮ ಮನೆಯ ಹಿತ್ತಲು ಕಾಣುತ್ತದೆ. ಗುಡ್ಡದ ಸದ್ದು ಕೇಳಿದರೆ ನನ್ನ ಹೆಂಡತಿ ಹಂಪವ್ವ ಹಿತ್ತಲಿನ ಹಗ್ಗದ ಮೇಲೆ ಕೆಂಪು ಸೀರೆ ಹಾಕುತ್ತಿದ್ದಳು. ನಾನು ಅದನ್ನು ನೋಡಿ, ಏನೂ ನೋಡದವನಂತೆ ಎದ್ದು, ಕಿವಿಗಲ್ಲಿಗೆ ಕಿವಿ ಹಚ್ಚಿ, ಇಪ್ಪತ್ತು ಎಣಿಸಿ, ಬಂದು ಜಾಗಟೆ ಹೊಡೆಯುತ್ತಿದ್ದೆ. ಜನ ಓಡುತ್ತಿದ್ದರು. ಗುಡ್ಡ ಜಾರುತ್ತಿತ್ತು. ಧೂಳು ಕೂತ ಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಊರಿಗೆ ಈ ಸೀರೆಯ ಸಂಗತಿ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನಗೆ ಹೆಣ್ಣು ನೋಡಲು ಅಪ್ಪನ ಜೊತೆ ಬಂದವನು ಇದೇ ಬಾಳಪ್ಪ ಮೇಸ್ತ್ರಿ. ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಮೇಸ್ತ್ರಿ ಅಂಗಳದ ಆ ತುದಿಗೆ ಹೋಗಿ ಪಿಸುಮಾತಿನಲ್ಲಿ ಏನೋ ಕೇಳಿದ. ಒಳಗಿನಿಂದ ಹಂಪವ್ವ ಉತ್ತರ ಕೊಟ್ಟಳು. ಆಮೇಲೆಯೇ ವೀಳ್ಯ ಬದಲಾಯಿಸಿಕೊಂಡರು. ಇಷ್ಟೆಲ್ಲ ಆದರೂ ಯಾರೂ ಬಾಯಿಬಿಟ್ಟು ಹೇಳುವ ಮಾತಲ್ಲ ಅದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ಅವಳ ಕೈಗೆ, ಮೊಸರು ನನ್ನ ಬಾಯಿಗೆ. ಹದಿನಾಲ್ಕು ವರ್ಷ ಚಪ್ಪರಿಸಿ ತಿಂದೆ.

ಎಲ್ಲ ಕೆಟ್ಟದ್ದು ಮಗಳಿಂದ. ಶಾಂಭವಿಗೆ ಆಗ ಹನ್ನೊಂದು. ಶಾಲೆಯಲ್ಲಿ ಮನೆಯವರ ಕೆಲಸದ ಬಗ್ಗೆ ಬರೆಯಲು ಹೇಳಿದ್ದರು. ಬರೆದದ್ದನ್ನು ಅವಳು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದಿದಳು. ನಮ್ಮ ಅಪ್ಪ ಗುಡ್ಡದ ಸದ್ದು ಕೇಳಿ ಊರನ್ನು ಕಾಯುತ್ತಾರೆ, ನಮ್ಮ ಅವ್ವ ಮನೆಯಲ್ಲಿ ಇರುತ್ತಾಳೆ. ರೊಟ್ಟಿ ಬಡಿಯುತ್ತಿದ್ದ ಹಂಪವ್ವನ ಕೈ ನಿಂತಿತು.

"ಗುಡ್ಡ ಯಾರಿಗೆ ಕೇಳಸ್ತೈತವಾ?"

"ನಿನಗ. ಮೊನ್ನೆಯಿಂದ ನನಗೂ ಒಂದೀಟು ಕೇಳಸಾಕತ್ತೈತಿ."

"ಮತ್ತ ಅಪ್ಪಗ ಕೇಳಸ್ತೈತಿ ಅಂತ ಬರದೀಯಲ್ಲ?"

"ಅಯ್ಯ, ನಮಗ ಸುಮ್ಮನ ಕೇಳಸ್ತೈತಿ. ಅಪ್ಪಂದು ಕೆಲಸ."

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಮಗಳ ಜಾಣತನ ಕಂಡು ಹೆಮ್ಮೆಯೂ ಆಯಿತು. ಹಂಪವ್ವ ನಗಲಿಲ್ಲ. ಮರುದಿನ ಬೆಳಗ್ಗೆ ನಾನು ಹೊರಡುವಾಗ ಅವಳು ಆ ಕೆಂಪು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಇಡುತ್ತಿದ್ದಳು.

"ಇನ್ನ ಮ್ಯಾಲೆ ಇದನ್ನ ಹಗ್ಗಕ್ಕ ಹಾಕೂದಿಲ್ರಿ" ಎಂದಳು.

"ಏನಂದಿ? ನಲವತ್ತೊಂದು ಜೀವ ಅದಾವಲ್ಲಿ!"

"ಗೊತ್ತೈತ್ರಿ. ಅದಕ್ಕ ನಾನೇ ಬರ್ತೀನಿ. ಕೇಳಿದ ಕೂಡ್ಲೆ ಬಂದು ಬಾಯಿಲೆ ಹೇಳ್ತೀನಿ."

"ಗೆರಿ ದಾಟಿ?"

"ಗೆರಿ ದಾಟಿ."

ನಾನು ಬೈದೆ. ಆಮೇಲೆ ಕೈಮುಗಿದೆ. ಕಿವಿಗಾರನ ಹೆಂಡತಿ ಗೆರೆ ದಾಟಿದರೆ ನನ್ನ ಕೆಲಸ ಹೋಗುತ್ತದೆ ಎಂದೆ. "ನಿಮ್ಮ ಕೆಲಸ ಯಾವುದ್ರಿ?" ಎಂದು ಕೇಳಿದಳು. ಕುಹಕವಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ಅವಳು ಟ್ರಂಕಿನ ಚಿಲಕ ಹಾಕಿದಳು. "ನಾಳೆ ನಮ್ಮ ಹುಡುಗಿನೂ ಯಾವನೋ ಒಬ್ಬನ ಹಿತ್ತಲದಾಗ ಸೀರಿ ಒಣಹಾಕ್ಕೊಂತ ಕುಂದರಬೇಕೇನ್ರಿ?"

ಹೆಂಡತಿ ಗೆರೆ ದಾಟುವ ಮೊದಲೇ ನನಗೆ ಸುಳಿವು ಸಿಕ್ಕರೆ ಸಾಕು, ಜಾಗಟೆ ಹೊಡೆದು ಮಾನ ಉಳಿಸಿಕೊಳ್ಳಬಹುದು ಎಂಬ ಲೆಕ್ಕಾಚಾರ ನನ್ನದು. ಹಾಗಾಗಿ ಆ ದಿನದಿಂದ ದಾರಿಯಲ್ಲಿ ಓಡಾಡುವ ಹೆಂಗಸರ ಮುಖ ನೋಡತೊಡಗಿದೆ. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದರೂ ಆ ಮುಖಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ರೊಟ್ಟಿಗಂಟು ಇಡಲು ಬಂದವರು ಒಮ್ಮೊಮ್ಮೆ ಏನೋ ಸಣ್ಣಗೆ ಕೇಳಿದವರಂತೆ ಬಗ್ಗಿದಲ್ಲೇ ಅರೆಕ್ಷಣ ನಿಲ್ಲುತ್ತಿದ್ದರು. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಮೇಲೆ ಚಪ್ಪರದ ಕಡೆ ನೋಡಿ, ನಾನು ಸುಮ್ಮನೆ ಕೂತಿರುವುದು ಕಂಡು ಸೆರಗು ಸರಿಮಾಡಿಕೊಂಡು ಹೊರಟುಹೋಗುತ್ತಿದ್ದರು. ಇದು ಎಷ್ಟು ವರ್ಷದಿಂದ ನಡೆದಿತ್ತೋ! ಒಂದು ದಿನ ಒಬ್ಬ ಮುದುಕಿ ಕಿವಿಯ ಮೇಲೆ ಕೈ ಇಟ್ಟುಕೊಂಡು ಬರುವುದನ್ನು ಕಂಡು ಜಾಗಟೆಗೆ ಕೈ ಹಾಕಿದೆ. ಅವಳಿಗೆ ಕಿವಿನೋವಂತೆ, ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಿದ್ದಳು.

"ಏನಪಾ ಕಿವಿಗಾರ, ಕಿವಿಗೆ ರಜಾ ಕೊಟ್ಟು ಕಣ್ಣಿಗೆ ಕೆಲಸ ಹಚ್ಚೀದಿ?" ಎಂದು ಬಾಳಪ್ಪ ಮೇಸ್ತ್ರಿ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನನ್ನ ಕೈ ಕಿವಿಗೆ ಹೋಯಿತು. ಬೆಳಗಿನ ಹೊತ್ತು ಕಿವಿಗಲ್ಲಿಗೆ ಕಿವಿ ಹಚ್ಚಿದಾಗ ಇಪ್ಪತ್ತರ ಬದಲು ನೂರು ಎಣಿಸುತ್ತಿದ್ದೆ. ಒಂದೇ ಒಂದು ಸಲ ಕೇಳಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ. ತಣ್ಣನೆಯ ಕಲ್ಲು, ನನ್ನದೇ ರಕ್ತ ಹರಿಯುವ ಸದ್ದು, ಅಷ್ಟೇ.

ಹತ್ತೊಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಹಂಪವ್ವ ಬಂದಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ, ಮೊಣಕೈವರೆಗೆ ಜೋಳದ ಹಿಟ್ಟು ಹಾಗೇ ಇತ್ತು. ಗೆರೆಯ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡೆ. ನಿಲ್ಲಲಿಲ್ಲ. ಕಣಿಯ ನಡುವೆ ಬಂದು ನಿಂತು, "ಗುಡ್ಡ ಕೂಗಾಕತ್ತೈತಿ. ಎಲ್ಲಾರೂ ಹೊರಗ ಬರ್ರಿ" ಎಂದಳು. ಗುದ್ದಲಿಗಳು ನಿಂತವು. ಒಬ್ಬನೂ ಕದಲಲಿಲ್ಲ.

"ಏ ತಂಗಿ, ಗೆರಿ ದಾಟೀದಿ. ಹಿಂದಕ ನಡಿ" ಎಂದು ಬಾಳಪ್ಪ ಮೇಸ್ತ್ರಿ ಗದರಿದ. ನನ್ನ ಕಡೆ ತಿರುಗಿ, "ಏನಿದು ಚಿದಾನಂದ? ಮನಿ ಜಗಳ ಮನ್ಯಾಗ ಇರಬೇಕು" ಎಂದ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂದು ಯಾರೋ ಹಿಂದಿನಿಂದ ಅಂದರು. ನಗು ಎದ್ದಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಜಾಗಟೆ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಕೋಲು ಕೈಯಲ್ಲೇ ಇತ್ತು. ಹಂಪವ್ವ ಹೇಳಿದ್ದು ನಿಜವೆಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪಿರಲಿಲ್ಲ. ಆದರೂ ನಾನು ಗೋಡೆಯ ತನಕ ನಡೆದುಹೋದೆ. ಮಂಡಿಯೂರಿದೆ. ಕಿವಿಗಲ್ಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದೆ. ಹಾಗೆ ಮಾಡದಿದ್ದರೆ ಅವರು ನಂಬುತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಅದು ಅರ್ಧ ನಿಜ. ಉಳಿದರ್ಧ ಇದು: ಅಷ್ಟು ಗಂಡಸರ ಮುಂದೆ ಹೆಂಡತಿಯ ಮಾತಿಗೆ ಜಾಗಟೆ ಹೊಡೆಯಲು ನನಗೆ ನಾಚಿಕೆಯಾಯಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಹಂಪವ್ವ "ರೀ, ರೀ" ಎಂದು ಅಳುವ ದನಿಯಲ್ಲಿ ಕರೆಯುತ್ತಿದ್ದಳು. ಇಪ್ಪತ್ತು ಮುಗಿಸಿಯೇ ಎದ್ದೆ. ಓಡಿಬಂದು ಜಾಗಟೆ ಹೊಡೆದೆ.

ನಲವತ್ತು ಜನ ಹೊರಗೆ ಬಂದರು. ಪರಸಪ್ಪ ಒಳತುದಿಯಲ್ಲಿ ಅಗೆಯುತ್ತಿದ್ದ, ನಮ್ಮ ಪಕ್ಕದ ಓಣಿಯವನು. ಅವನಿಗೆ ಇನ್ನೂ ಐದಾರು ಹೆಜ್ಜೆ ಬೇಕಿತ್ತು.

ಊರಿಗೆ ಇದು ಹೇಗೆ ಕಂಡಿತು ಎಂಬುದನ್ನು ಕೇಳಿ. ಹೆಂಗಸು ಗೆರೆ ದಾಟಿದಳು, ಗುಡ್ಡ ಮುನಿಯಿತು, ಜಾರಿತು. ಕಿವಿಗಾರ ಕಿವಿ ಹಚ್ಚಿ ಕೇಳಿ ನಲವತ್ತು ಜನರನ್ನು ಉಳಿಸಿದ. ಮೂರನೆಯ ದಿನ ಪರಸಪ್ಪನ ಮನೆಯ ಕಟ್ಟೆಯ ಮೇಲೆ ಗಂಡಸರು ಇದನ್ನೇ ಮಾತಾಡುತ್ತಿದ್ದರು. ಗೆರೆಯನ್ನು ಇನ್ನಷ್ಟು ದಪ್ಪ ಎಳೆಯಬೇಕು, ಹಂಪವ್ವನನ್ನು ಒಂದು ವರ್ಷ ರೊಟ್ಟಿಗಂಟು ತರಲೂ ಬಿಡಬಾರದು ಎಂದು ತೀರ್ಮಾನವಾಗುತ್ತಿತ್ತು. ನನ್ನ ಹೆಂಡತಿ ಬಾಗಿಲ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಆಗ ಒಳಗಿನಿಂದ ಪರಸಪ್ಪನ ಹೆಂಡತಿ ದೇವಕ್ಕ ಎದ್ದುಬಂದು ಅವಳ ಮುಂದೆ ಕುಸಿದು ಕೂತಳು.

"ಅಕ್ಕಾ, ನನಗ ನಿನಕಿಂತ ಮೊದಲ ಕೇಳಿತ್ತು. ರೊಟ್ಟಿ ಬಡಿಯಾಕತ್ತಿದ್ದೆ. ಖರೇನ ಇದ್ರ ಜಾಗಟಿ ಬಾರಸ್ತೈತಿ ಬಿಡು ಅಂತ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದೆ."

"ನನಗೂ ಕೇಳಿತ್ತು" ಎಂದು ಗೋಡೆಗೊರಗಿದ್ದ ಒಬ್ಬಳು ಅಂದಳು. "ನಾ ಹೇಳಿದೆ, ನಮ್ಮತ್ತಿ ಸುಮ್ಮ ಕುಂದ್ರು ಅಂದ್ಳು" ಎಂದು ಇನ್ನೊಬ್ಬಳು. ಒಳಮನೆಯಲ್ಲಿ ಒಂದಾದ ಮೇಲೊಂದು ದನಿ ಎದ್ದವು. ಕಟ್ಟೆಯ ಮೇಲಿನ ಗಂಡಸರು ಗೆರೆಗೆ ಎಷ್ಟು ಬುಟ್ಟಿ ಸುಣ್ಣ ಬೇಕೆಂದು ಚರ್ಚಿಸುತ್ತಲೇ ಇದ್ದರು. ಮೂರು ಗಜ ದೂರದ ಮಾತು ಅದು. ಅದು ಕೇಳದಿರಲು ಯಾವ ಮಾಯೆಯೂ ಬೇಕಿರಲಿಲ್ಲ.

ನಾನು ಎದ್ದು ನಿಂತೆ. "ನನಗ ಏನೂ ಕೇಳೂದಿಲ್ಲ" ಎಂದೆ. "ನಮ್ಮಪ್ಪಗೂ ಕೇಳ್ತಿರಲಿಲ್ಲ. ಹಂಪವ್ವ ಬಂದು ಹೇಳಿದ ಗಳಿಗ್ಯಾಗ ಜಾಗಟಿ ಹೊಡದಿದ್ರ ಪರಸಪ್ಪ ಇವತ್ತ ಈ ಕಟ್ಟಿ ಮ್ಯಾಲೆ ಕುಂತಿರತಿದ್ದ. ನಾ ಕಿವಿ ಹಚ್ಚಿ ನಾಟಕ ಮಾಡಿದೆ."

ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಬಾಳಪ್ಪ ಮೇಸ್ತ್ರಿ ನನ್ನ ಹೆಗಲ ಮೇಲೆ ಮೆಲ್ಲಗೆ ಕೈ ಇಟ್ಟ. "ಪಾಪ, ಜೀವ ಹೋದದ್ದು ಕಂಡು ತಲಿ ಕೆಟ್ಟೈತಿ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಲಿ" ಎಂದ. ಅಲ್ಲಿಗೆ ನನ್ನ ಮಾತು ಮುಗಿಯಿತು. ಭಟ್ಟಿಯಲ್ಲಿ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪನ ಮಗ ಸಂಗಪ್ಪನನ್ನು ಕಿವಿಗಾರನನ್ನಾಗಿ ಮಾಡಿದರು. ನನಗೆ ಒಂದು ಗುದ್ದಲಿ ಕೊಟ್ಟು ಕಣಿಯ ಒಳತುದಿಯಲ್ಲಿ ನಿಲ್ಲಿಸಿದರು. ಶಿಕ್ಷೆಯೆಂದಲ್ಲ, ಜಾಗ ಖಾಲಿ ಇದ್ದದ್ದು ಅಲ್ಲಿಯೇ.

ತಲೆಯ ಮೇಲೆ ಗುಡ್ಡ, ಕಾಯುವವನು ಸಂಗಪ್ಪ. ಮೊದಲ ದಿನ ನಾನು ಎರಡು ಹೊಡೆತಕ್ಕೊಮ್ಮೆ ತಲೆಯೆತ್ತಿ ಗೋಡೆ ನೋಡುತ್ತಿದ್ದೆ. ಹದಿನಾಲ್ಕು ವರ್ಷ ಆ ನಲವತ್ತೊಂದು ಜನ ನನ್ನನ್ನು ನಂಬಿ ಇಲ್ಲಿ ಹೇಗೆ ನಿಂತಿದ್ದರು ಎಂದು ಅವತ್ತು ಅರ್ಥವಾಯಿತು. ಈಗ ಸೀರೆ ಹಾಕಬೇಕಾದವಳು ಸಂಗಪ್ಪನ ಹೆಂಡತಿ ಕಸ್ತೂರಿ. ಅವಳಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿ ಎಂಟು ತಿಂಗಳು. ಸಂಗಪ್ಪನ ಕೈ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ನಲ್ಲಿಯ ಹತ್ತಿರ ಆ ಹುಡುಗಿ ಹೇಳಿದ್ದನ್ನು ಹಂಪವ್ವ ನನಗೆ ಊಟಕ್ಕೆ ಬಡಿಸುತ್ತ ಹೇಳಿದಳು. "ಕೇಳಸ್ತೈತಿ ಅಕ್ಕಾ. ಆದ್ರ ಒಮ್ಮೆ ತಪ್ಪಿದ್ರ ಬಡೀತಾನ. ಅದಕ್ಕ ಪೂರಾ ಖಾತ್ರಿ ಆಗೂತನಕ ತಡಿತೀನಿ" ಅಂದಳಂತೆ.

"ನೀ ಬಂದು ಹೇಳಿದ್ರ ನಾ ಓಡಿ ಬರ್ತೀನಿ" ಎಂದೆ.

"ನೀವೊಬ್ರ ಓಡಿದ್ರ ಆತೇನ್ರಿ? ಉಳದ ನಲವತ್ತು ಮಂದಿ ಯಾರ ಗಂಡಂದಿರು?"

ಹೀಗೆ ನಾನು ಮನೆಮನೆ ತಿರುಗತೊಡಗಿದೆ. ಕೆಲಸ ಬಿಟ್ಟ ಮೇಲೆ, ಬೆಳಕಿರುವಾಗಲೇ, ದಿನಕ್ಕೆರಡು ಮನೆ. ಗಂಡಸನ್ನು ಹೆಂಡತಿಯ ಎದುರೇ ಕೇಳುತ್ತಿದ್ದೆ: "ನಿನ್ನ ಹೆಂಡತಿ ಓಡು ಅಂದ್ರ ಓಡ್ತೀಯಾ?" ಒಬ್ಬ ಬಿದ್ದು ಬಿದ್ದು ನಕ್ಕು ನನಗೆ ಚಹಾ ಕುಡಿಸಿ ಕಳಿಸಿದ. ಒಬ್ಬ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ. ಹೆಚ್ಚಿನವರು ನೆಲ ನೋಡಿ, "ಮಂದಿ ಏನಂದಾರು?" ಎಂದರು. ಗುಡ್ಡದ ಕೆಳಗೆ ಸಾಯಲು ಹೆದರದವರು ಮಂದಿಗೆ ಹೆದರುತ್ತಿದ್ದರು. ಒಂದು ಮನೆಯಲ್ಲಿ ಒಳಗಿನಿಂದ ಹೆಂಡತಿ ಕೆಮ್ಮಿದಳು. ಗಂಡ ಆಚೀಚೆ ನೋಡಿ, "ಓಡ್ತೀನಿ, ಆದ್ರ ಯಾರ ಮುಂದೂ ಹೇಳಬ್ಯಾಡ" ಎಂದ. ತಿಂಗಳು ಕಳೆಯುವಷ್ಟರಲ್ಲಿ ಆರು ಜನ ಒಪ್ಪಿದ್ದರು. ನಾನು ಸೇರಿ ಏಳು. ಉಳಿದವರು ಮೂವತ್ತನಾಲ್ಕು. ನಾನು ಗುದ್ದಲಿಯನ್ನು ಎಷ್ಟು ಮೆಲ್ಲಗೆ ಹಾಕುತ್ತಿದ್ದೆನೆಂದರೆ ಪಕ್ಕದವನು ಗೋಡೆಗೆ ನೋವಾಗುತ್ತದೆಯೇ ಎಂದು ಛೇಡಿಸುತ್ತಿದ್ದ.

ಒಂದು ಬುಧವಾರ ಬುತ್ತಿಯ ಹೊತ್ತಿಗೆ ಮುಂಚೆ ದಾರಿಯಲ್ಲಿ ಹೆಂಗಸರು ಕಂಡರು. ಒಬ್ಬಳಲ್ಲ, ಇಬ್ಬರಲ್ಲ, ಓಣಿಗೆ ಓಣಿಯೇ ಬಂದಂತಿತ್ತು. ಮುಂದೆ ಹಂಪವ್ವ, ಜೊತೆಗೆ ದೇವಕ್ಕ. ಹಿಂದೆ ಶಾಂಭವಿಯ ಕೈ ಹಿಡಿದುಕೊಂಡು ಕಸ್ತೂರಿ. "ಓಡ್ರಿ! ದೊಡ್ಡದು ಬರಾಕತ್ತೈತಿ!" ಎಂದು ಹಂಪವ್ವ ಕೂಗಿದಳು. ನಾನು ಗುದ್ದಲಿ ಬಿಸುಟು ಓಡಿದೆ. ಆರು ಜನ ಹಿಂದೆಯೇ ಓಡಿಬಂದರು. ಚಪ್ಪರದ ಹತ್ತಿರ ಬಂದವನು ಸಿಕ್ಕಿದ ಕಲ್ಲು ತೆಗೆದುಕೊಂಡು ಜಾಗಟೆ ಹೊಡೆದೆ. ಉಳಿದವರು ಒಂದು ಹೆಜ್ಜೆ ಎತ್ತಿದ್ದರು. ಅಷ್ಟರಲ್ಲಿ ಬಾಳಪ್ಪ ಮೇಸ್ತ್ರಿ ಕೈ ಮೇಲೆತ್ತಿ, "ನಿಲ್ರಿ! ಅಂವ ಕಿವಿಗಾರ ಅಲ್ಲ. ಸಂಗಪ್ಪ ನೋಡಿ ಹೇಳಲಿ" ಎಂದ. ಮೂವತ್ತನಾಲ್ಕು ಜನ ನಿಂತರು. ಸಂಗಪ್ಪ ಗತ್ತಿನಿಂದ ನಡೆದುಹೋಗಿ ಮಂಡಿಯೂರಿ, ಕಲ್ಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ.

"ಹೆಸರು ಹಿಡದು ಕೂಗ್ರಿ!" ಎಂದು ದೇವಕ್ಕ ಹೆಂಗಸರ ಕಡೆ ತಿರುಗಿ ಚೀರಿದಳು. "ನಾ ಕೂಗಲಿಲ್ಲ, ನೀವರೆ ಕೂಗ್ರಿ!"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಗಟು ಕಟ್ಟಿ ಒಮ್ಮೆ ಹೇಳಿದರೆ ಮುಗಿಯಿತು, ಸಾಯುವವರೆಗೆ ಮತ್ತೆ ಬಾಯಿಗೆ ಬರುವುದಿಲ್ಲ. ಮೊದಲು ಕೂಗಿದವಳು ಮೇಸ್ತ್ರಿಯ ಹೆಂಡತಿ ನಿಂಗವ್ವ, ಅರವತ್ತು ದಾಟಿದವಳು. "ಬಾಳಪ್ಪಾ! ಬಾರೋ!" ಎಂದಳು. ಮೇಸ್ತ್ರಿಯ ಎತ್ತಿದ ಕೈ ಕೆಳಗಿಳಿಯಿತು. ತನ್ನನ್ನು ಕರೆದವರು ಯಾರೆಂದು ಹುಡುಕುವವನಂತೆ ತಿರುಗಿ, ಆ ದನಿಯ ಕಡೆ ನಡೆದುಬಿಟ್ಟ. ಆಮೇಲೆ ಎಲ್ಲ ಹೆಂಗಸರೂ ಕೂಗತೊಡಗಿದರು. ಒಂದೊಂದು ಹೆಸರಿಗೆ ಒಬ್ಬೊಬ್ಬ ಗಂಡಸು ಬೆಚ್ಚಿ, ಗುದ್ದಲಿ ಬಿಟ್ಟು, ಮೊದಲು ನಡೆದು ಆಮೇಲೆ ಓಡಿ ಗೆರೆ ದಾಟಿ ಬಂದರು. ನಾನು ಎಣಿಸಿದೆ. ಮೂವತ್ತನಾಲ್ಕೂ ಜೀವ ಬಂದವು.

ಸಂಗಪ್ಪ ಏಳಲಿಲ್ಲ. ನಾನು ಗಂಟಲು ಹರಿಯುವಂತೆ ಕರೆದೆ. ಊರೆಲ್ಲ ನೋಡುತ್ತಿದೆ ಎಂದು ಗೊತ್ತಿರುವಾಗ ಕಿವಿಗಾರ ಕಣ್ಣು ತೆರೆಯುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅವನ ಕಡೆ ಓಡಲು ಹೊರಟೆ, ಇಬ್ಬರು ನನ್ನ ರಟ್ಟೆ ಹಿಡಿದುಕೊಂಡರು. ಹಂಪವ್ವ ಕಸ್ತೂರಿಯ ಭುಜ ಹಿಡಿದು ಅಲ್ಲಾಡಿಸುತ್ತ, "ಕೂಗವಾ, ನನ್ನವ್ವ, ಹೆಸರು ಹಿಡದು ಕೂಗು" ಎನ್ನುತ್ತಿದ್ದಳು. ಆ ಹುಡುಗಿಯ ಬಾಯಿ ತೆರೆದಿತ್ತು. ಕಣ್ಣು ಗಂಡನ ಕೈಯ ಮೇಲಿತ್ತು.

ಗುಡ್ಡ ಜಾರಿತು. ಧೂಳು ಕೂತ ಮೇಲೆ ಅವಳು ಆ ಹೆಸರನ್ನು ಕೂಗಿದಳು.